ಮೇಷ್ಟ್ರ ಕಡೆಯ ಬ್ರೇಕು

ಡ್ರೈವಿಂಗ್ ಮೇಷ್ಟ್ರ ಬಳಿ ಕಲಿತವರನ್ನು ಆ ಊರಿನಲ್ಲಿ ಯಾರು ಬೇಕಾದರೂ ಗುರುತು ಹಿಡಿಯಬಹುದಿತ್ತು. ಅವರಿಗೆ ಏರು ಹತ್ತಿಸಲು ಬರುತ್ತಿತ್ತೋ ಇಲ್ಲವೋ, ಸಾರ್ವಜನಿಕ ಶೌಚಾಲಯದ ಮುಂದೆ ಕಾರು ನಿಲ್ಲಿಸಲು ಮಾತ್ರ ಸೊಗಸಾಗಿ ಬರುತ್ತಿತ್ತು. ನೇರವಾಗಿ, ಓರೆಯಾಗಿ, ಎರಡು ಲಾರಿಗಳ ನಡುವೆ ಹಿಂದಕ್ಕೆ ತೂರಿಸಿ, ಹೇಗೆ ಹೇಳಿದರೆ ಹಾಗೆ. ಮೇಷ್ಟ್ರು ಪಾಠ ಹೇಳುವ ದಾರಿಗಳೆಲ್ಲ ಒಂದು ಶೌಚಾಲಯದಿಂದ ಇನ್ನೊಂದು ಶೌಚಾಲಯಕ್ಕೆ ಹೋಗುವ ದಾರಿಗಳೇ ಆಗಿದ್ದವು.

ಪಾಪ, ಅವರೇನು ಬೇಕೆಂದು ಮಾಡುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ಪ್ರಾಸ್ಟೇಟ್ ಎಂಬ ಗ್ರಂಥಿ ನೆಲ್ಲಿಕಾಯಿಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಗಿ ಮೂತ್ರದ ದಾರಿಯನ್ನು ಹಿಸುಕುತ್ತಾ ಕೂತಿತ್ತು. ಬಂತು ಎಂದರೆ ತಡೆಯಲಾಗದು. ಓಡಿ ಹೋಗಿ ನಿಂತರೆ ಬಾರದು. ಬೀದಿ ನಲ್ಲಿಯ ನೀರಿಗೆ ಕಾದವರಿಗೆ ಈ ಕಷ್ಟ ಅರ್ಥವಾದೀತು. "ಎಡಕ್ಕೆ ನಿಲ್ಲಿಸಿ, ಕನ್ನಡಿ ನೋಡ್ತಾ ಇರಿ, ಈಗ ಬಂದೆ" ಎಂದು ಮೇಷ್ಟ್ರು ಇಳಿದು ಹೋದರೆ, ಶಿಷ್ಯರು ಕನ್ನಡಿ ನೋಡಿ ತಲೆ ಬಾಚಿಕೊಂಡು ಮುಗಿಸಿದರೂ ಗುರುಗಳ ಪತ್ತೆಯಿರುತ್ತಿರಲಿಲ್ಲ.

ರಾತ್ರಿ ನಿದ್ದೆಯಿಲ್ಲ, ಹಗಲು ನೆಮ್ಮದಿಯಿಲ್ಲ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು, ಮೇಷ್ಟ್ರ ಕಡೆಗೆಂದೇ ಇಟ್ಟಿರುವ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು, ಕಂಡವರ ಕೈಯಲ್ಲಿ ಜೀವ ಕೊಟ್ಟು ದುಡಿಯುವ ಕೆಲಸ ಅದು. (ದೇಹದ ಬ್ರೇಕು ಕೈಕೊಟ್ಟ ಮನುಷ್ಯನಿಗೆ ಕಾರಿನ ಬ್ರೇಕೊಂದೇ ಆಸರೆ.) ಮೇಷ್ಟ್ರಿಗೆ ಉಳಿದಿದ್ದ ಸುಖ ಒಂದೇ. ರಜೆಯ ದಿನ ಮನೆಯ ಹಳೇ ನೀಲಿ ಕಾರು ತೆಗೆದು, ಸ್ಟೀರಿಂಗ್ ಹಿಡಿದು, ತಾವೇ ರಾಜರಂತೆ ಓಡಿಸುವುದು. ಆ ಸಿಂಹಾಸನವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ, ಹೆಂಡತಿಗಂತೂ ಮೊದಲೇ ಇಲ್ಲ.

"ಊರಿಗೆಲ್ಲ ಕಲಿಸ್ತೀರಿ, ನನಗೊಂದು ಕಲಿಸಬಾರದಾ?" ಎಂದು ಆಕೆ ಮದುವೆಯಾದ ವರ್ಷದಿಂದ ಕೇಳುತ್ತಿದ್ದರು.

"ನೀನು ಕಲಿತು ಯಾರನ್ನ ಗುದ್ದಬೇಕು?"

"ಶುರು ನಿಮ್ಮಿಂದಲೇ ಮಾಡ್ತೀನಿ ಬಿಡಿ."

ದೀಪದ ಬುಡದಲ್ಲಿ ಕತ್ತಲು ಹಾಗೇ ಉಳಿದಿತ್ತು.

ಹೀಗಿರುವಾಗ ಮೇಷ್ಟ್ರಿಗೆ ಚಳಿಜ್ವರ ಬಂತು, ಜೊತೆಗೆ ಉರಿಮೂತ್ರ. "ತಾನಾಗೇ ಹೋಗತ್ತೆ" ಎಂದು ಮುಸುಕೆಳೆದುಕೊಂಡವರನ್ನು ಹೆಂಡತಿ ಆಟೋಗೆ ಹತ್ತಿಸಿ ಡಾಕ್ಟರ ಬಳಿಗೆ ಎಳೆದುಕೊಂಡು ಹೋದರು. ರಕ್ತ ತೆಗೆದರು. ಮರುದಿನ ಸ್ಕ್ಯಾನಿಂಗ್ ಮಾಡಬೇಕು, ಹೊಟ್ಟೆ ತುಂಬ ನೀರು ಕುಡಿದು ಬನ್ನಿ, ಮುಗಿಯುವವರೆಗೆ ಮೂತ್ರಕ್ಕೆ ಹೋಗಬೇಡಿ ಎಂದರು. ತಡೆಯಲಾಗದ ಕಾಯಿಲೆಗೆ ತಡೆದುಕೊಂಡು ಬರುವುದೇ ಪರೀಕ್ಷೆ! ಮೇಷ್ಟ್ರು ಹಲ್ಲು ಕಚ್ಚಿಕೊಂಡು ಬಂದರು. ಆದರೆ ಸ್ಕ್ಯಾನಿಂಗಿಗೆ ಮುಂಚೆ ರಕ್ತದ ವರದಿ ಹಿಡಿದು ಡಾಕ್ಟರೇ ಗಂಡಹೆಂಡಿರಿಬ್ಬರನ್ನೂ ಒಳಗೆ ಕರೆದರು. ಆ ಡಾಕ್ಟರೋ ಮಹಾ ನಿಧಾನಸ್ಥರು, ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಕನ್ನಡಕ ಒರೆಸುವವರು.

"ನೋಡಿ ಮೇಷ್ಟ್ರೇ, ಪಿ.ಎಸ್.ಎ. ಅಂತ ಒಂದು ರಕ್ತಪರೀಕ್ಷೆ ಮಾಡಿದ್ವಲ್ಲ… ಅದು ಸಾಮಾನ್ಯವಾಗಿ ನಾಲ್ಕರೊಳಗೆ ಇರಬೇಕು… ನಿಮ್ಮದು ಹನ್ನೊಂದು ಬಂದಿದೆ… ಕ್ಯಾನ್ಸರ್ ಇದ್ದಾಗಲೂ ಇದು ಹೀಗೆ ಏರತ್ತೆ… ಆದ್ರೆ…"

ಆ 'ಆದ್ರೆ'ಯ ಆಚೆ ಏನಿತ್ತೋ, ಮೇಷ್ಟ್ರಿಗೆ ಕೇಳಿಸಿಕೊಳ್ಳಲು ಆಗಲಿಲ್ಲ. ಅಲ್ಲಿಗೆ ಅವರ ತಡೆ ಮುಗಿದಿತ್ತು. ಕುರ್ಚಿ ಹಿಂದಕ್ಕೆ ಬೀಳಿಸಿ ಕಾರಿಡಾರಿನ ತುದಿಗೆ ಓಡಿದರು. ಓಡಿದ್ದೇನೋ ಓಡಿದರು, ಅಲ್ಲಿ ನಿಂತರೆ ಎಂದಿನಂತೆ ಹನಿಯೂ ಇಲ್ಲ. ಬಿಳಿಯ ಗೋಡೆ ನೋಡುತ್ತಾ, ಹನ್ನೊಂದು, ಕ್ಯಾನ್ಸರ್, ಹನ್ನೊಂದು, ಕ್ಯಾನ್ಸರ್ ಎಂದು ಜಪಿಸುತ್ತಾ ನಿಂತರು. ತಮ್ಮ ಜೀವನದ ರಸ್ತೆ ಇಷ್ಟು ಬೇಗ ಮುಗಿಯಿತೇ ಎಂದುಕೊಂಡರು. ಬ್ರೇಕು ಯಾವುದೆಂದು ಕೇಳುವ ಶಿಷ್ಯರೊಂದಿಗೆ ಇಷ್ಟು ವರ್ಷ ಕಳೆದ ಮೇಲೂ, ಭಯ ಎಂದರೆ ಏನೆಂದು ಅವರಿಗೆ ಅಂದೇ ಗೊತ್ತಾದದ್ದು.

ಸ್ಕ್ಯಾನಿಂಗೂ ಮುಗಿಸಿ ಹೊರಗೆ ಬಂದಾಗ ಹೆಂಡತಿ ಔಷಧಿಯ ಚೀಲ ಹಿಡಿದು ನಿಂತಿದ್ದರು.

"ಡಾಕ್ಟ್ರು ಹೇಳಿದ್ದು ಪೂರ್ತಿ ಕೇಳಿ. ಗ್ರಂಥಿ ದಪ್ಪ ಆದ್ರೂ, ಅದಕ್ಕೆ ಸೋಂಕು ತಗಲಿ ಊದಿಕೊಂಡ್ರೂ ಆ ನಂಬರು…"

"ಬೇಡ" ಎಂದು ಮೇಷ್ಟ್ರು ಸಿಗ್ನಲ್ ತೋರಿಸುವವರಂತೆ ಕೈ ಎತ್ತಿದರು. "ನನಗೆ ಎಲ್ಲಾ ಗೊತ್ತಾಯ್ತು. ನೀನು ಸಮಾಧಾನ ಹೇಳಬೇಡ."

"ಸಮಾಧಾನ ಅಲ್ರೀ, ಮಾತ್ರೆ ತಗೊಂಡು ಆರು ವಾರ ಬಿಟ್ಟು…"

"ಆರು ವಾರ!" ಎಂದು ಮೇಷ್ಟ್ರು ಗೋಡೆಗೆ ಒರಗಿದರು.

ಸುದ್ದಿ ತಿಳಿದು ಸಂಜೆಗೇ ಭಾಮೈದ ಬಂದ. ಎಂದೂ ಏರಿದ ದನಿಯಲ್ಲೇ ಮಾತಾಡುವವನು ಅಂದು ಪಿಸುಗುಟ್ಟಿದ. ಹೊರಡುವಾಗ ನೀಲಿ ಕಾರಿನ ಬಾನೆಟ್ ಸವರಿ, "ಭಾವ, ಇನ್ನು ನೀವು ಓಡಿಸೋ ಶ್ರಮ ತಗೋಬೇಡಿ. ಕಾರಿನ ಚಿಂತೆ ನನಗಿರಲಿ" ಎಂದ.

ಗೇರು ಬದಲಿಸುವಾಗ ಲಾರಿ ಕೆಮ್ಮಿದಂತೆ ಸದ್ದು ಮಾಡುವ ಈ ಭಾಮೈದನ ಕೈಗೆ ತಮ್ಮ ನೀಲಿ ಕಾರೇ? ಅವನು ಗೇಟು ದಾಟಿದ ಕೂಡಲೇ ಮೇಷ್ಟ್ರು ಮೊಳೆಯಲ್ಲಿ ನೇತಾಡುತ್ತಿದ್ದ ಕೀ ತೆಗೆದು, ಪಟ್ಟಾಭಿಷೇಕದ ಗಾಂಭೀರ್ಯದಿಂದ ಹೆಂಡತಿಯ ಮುಂದೆ ನಿಂತರು. ಆಕೆ ಮತ್ತೊಮ್ಮೆ, "ರೀ, ಒಂದು ನಿಮಿಷ ಕೇಳಿ, ಡಾಕ್ಟ್ರು ಹೇಳಿದ್ದು ಏನಂದ್ರೆ…" ಎಂದು ಶುರು ಮಾಡಿದ್ದರು.

"ತಗೋ" ಎಂದರು ಮೇಷ್ಟ್ರು. "ಇನ್ನು ಮೇಲೆ ಇದು ನಿನ್ನದು. ನಾಳೆಯಿಂದ ನಿನಗೆ ಪಾಠ."

ಆಕೆ ಕೀ ನೋಡಿದರು. ಗಂಡನ ಮುಖ ನೋಡಿದರು. ತೆರೆದ ಬಾಯಿ ನಿಧಾನವಾಗಿ ಮುಚ್ಚಿಕೊಂಡಿತು. ದುಃಖಕ್ಕೆ ಮಾತು ಹೊರಡುತ್ತಿಲ್ಲ, ಪಾಪ, ಎಂದುಕೊಂಡರು ಮೇಷ್ಟ್ರು.

ಪಾಠ ಶುರುವಾಯಿತು. ಇದ್ದಷ್ಟು ದಿನ ಬೈಯಬಾರದು ಎಂದು ತೀರ್ಮಾನಿಸಿದ್ದ ಮೇಷ್ಟ್ರು ಇಡೀ ವಿದ್ಯೆಯನ್ನು ಧಾರೆ ಎರೆದರು. "ಸ್ಪೀಡು ಇಪ್ಪತ್ತು ದಾಟಿಸಬೇಡ. ಹಳದಿ ಗೆರೆ ಇದ್ದ ಕಡೆ ಪ್ರಾಣ ಹೋದರೂ ನಿಲ್ಲಿಸಬೇಡ. ಪಕ್ಕದಲ್ಲಿ ಕೂತವರು ಏನು ಕಿರುಚಿದರೂ ಕಿವಿಗೆ ಹಾಕ್ಕೋಬೇಡ. ಓಡಿಸೋಳು ನೀನು." ಆಕೆ ಹೂಂಗುಟ್ಟುತ್ತಾ, ಸ್ಟೀರಿಂಗನ್ನು ಮಗುವಿನ ಕೈಯಂತೆ ಬಿಗಿಯಾಗಿ ಹಿಡಿದು ಕಲಿತರು. ಕಲಿತದ್ದೂ ಅದೇ ಶೌಚಾಲಯಗಳ ದಾರಿಯಲ್ಲಿ. ಲೈಸೆನ್ಸಿನ ಪರೀಕ್ಷೆಯಲ್ಲಿ ಹಿಂದಕ್ಕೆ ತೂರಿಸಿ ನಿಲ್ಲಿಸಿದ ರೀತಿಗೆ ಅಧಿಕಾರಿಯೇ, "ನೀವು ಮೇಷ್ಟ್ರ ಕಡೆಯವರಾ?" ಎಂದು ಕೇಳಿದರಂತೆ.

ಈ ನಡುವೆ ಮಾತ್ರೆಗಳು ಹೊಟ್ಟೆಗೆ ಹೋಗುತ್ತಲೇ ಇದ್ದವು. ಜ್ವರ ಬಿಟ್ಟಿತು, ಉರಿ ಹೋಯಿತು, ರಾತ್ರಿ ಒಂದಿಷ್ಟು ನಿದ್ದೆಯೂ ಹತ್ತಿತು. ಆರುವ ಮುಂಚೆ ದೀಪ ಜೋರಾಗಿ ಉರಿಯುತ್ತದಲ್ಲ, ಇದು ಅದೇ, ಎಂದು ಮೇಷ್ಟ್ರು ಮತ್ತಷ್ಟು ಸೊರಗಿದರು.

ಆರು ವಾರ ಕಳೆದು ಮತ್ತೆ ರಕ್ತ ಕೊಟ್ಟರು. ವರದಿಯ ದಿನ ಮೇಷ್ಟ್ರು ನೀರೇ ಮುಟ್ಟದೆ ಹೋಗಿ ಕೂತರು. ಸಾಯುವ ಸುದ್ದಿಯನ್ನಾದರೂ ಪೂರ್ತಿ ಕೇಳಿಸಿಕೊಳ್ಳಬೇಕೆಂಬ ಹಟ.

"ಮೂರಕ್ಕೆ ಇಳಿದಿದೆ" ಎಂದರು ಡಾಕ್ಟರು, ಕನ್ನಡಕ ಒರೆಸುತ್ತಾ. "ನಾನು ಅವತ್ತು ಹೇಳಿದ ಹಾಗೆ… ಗ್ರಂಥಿಗೆ ಸೋಂಕಾಗಿ ಊದಿಕೊಂಡಿತ್ತು… ಅದಕ್ಕೇ ಏರಿತ್ತು. ಹೆದರೋ ಹಾಗೇನೂ ಕಾಣ್ತಿಲ್ಲ. ಗ್ರಂಥಿ ದಪ್ಪ ಇರೋದಂತೂ ಇದ್ದೇ ಇದೆ… ಅದರ ಮಾತ್ರೆ ಮುಂದುವರಿಸಿ, ವರ್ಷಕ್ಕೊಂದು ಸಲ ರಕ್ತ ನೋಡೋಣ. ನಿಮ್ಮ ಮನೆಯವರಿಗೆ ಅವತ್ತೇ ಎಲ್ಲ ವಿವರವಾಗಿ ಹೇಳಿದ್ದೆನಲ್ಲ?"

ಮೇಷ್ಟ್ರು ಹೆಂಡತಿಯತ್ತ ತಿರುಗಿದರು. ಆಕೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಆಸ್ಪತ್ರೆಯ ಹೊರಗೆ, ನೀಲಿ ಕಾರಿನ ಬಳಿ ಬಂದದ್ದೇ ಮೇಷ್ಟ್ರು ಕೈ ಚಾಚಿದರು. "ಕೊಡು ಕೀ."

"ಯಾಕೆ?"

"ಯಾಕೆ ಅಂದ್ರೆ? ನಾನು ಬದುಕಿದೆನಲ್ಲೇ!"

"ಸಂತೋಷ. ಆ ಕಡೆಯಿಂದ ಹತ್ತಿ."

"ಎಲ್ಲಾ ಗೊತ್ತಿದ್ದೂ ನನ್ನನ್ನ ಆರು ವಾರ ಹೆದರಿಸಿ ಕೊಂದೆಯಲ್ಲ!"

"ಎರಡು ಸಲ ಹೇಳೋಕೆ ಬಂದೆ, ಕೈ ಎತ್ತಿದ್ರಿ. ಮೂರನೇ ಸಲ ಕೀ ಕೈಗಿಟ್ರಿ. ನಾನೂ ಮನುಷ್ಯಳೇ, ಎಷ್ಟು ವರ್ಷ ಕಾದಿದ್ದೆ?" ಎಂದವರ ದನಿ ಒಂದು ಕ್ಷಣ ತಗ್ಗಿತು. "ಡಾಕ್ಟ್ರು ಊತ ಇರಬಹುದು ಅಂದ್ರೇ ಹೊರತು, ಊತಾನೇ ಅಂತ ಅಂದಿರಲಿಲ್ಲ. ನನಗೂ ಭಯ ಇತ್ತು. ನಿಮಗೆ ತೀರಾ ಆಗದೇ ಹೋದ್ರೆ ಆಸ್ಪತ್ರೆಗೆ ಯಾರು ಕರ್ಕೊಂಡು ಬರೋರು, ನನ್ನ ತಮ್ಮನಾ? ಅದಕ್ಕೇ ಕಲಿತೆ. ಹತ್ತಿ ಈಗ."

ಮೇಷ್ಟ್ರು ಕಣ್ಣು ಒದ್ದೆಯಾದದ್ದನ್ನು ಬೆವರೆಂಬಂತೆ ಒರೆಸಿಕೊಂಡು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಬದುಕಿದ ಖುಷಿಗೆ ಬಾಟಲಿಯ ನೀರನ್ನೆಲ್ಲ ಒಂದೇ ಗುಕ್ಕಿಗೆ ಕುಡಿದರು.

ಅದೇ ತಪ್ಪಾಯಿತು. ಎರಡು ತಿರುವು ದಾಟುವಷ್ಟರಲ್ಲಿ ಬೆಲ್ಟಿನ ಕೆಳಗೆ ಕರೆ ಬಂತು. ಎದುರಿಗೇ ಮಾರುಕಟ್ಟೆಯ ಶೌಚಾಲಯ ಕಂಡಿತು.

"ನಿಲ್ಲಿಸು, ನಿಲ್ಲಿಸು!"

"ಹಳದಿ ಗೆರೆ ಇದೆ."

"ಗೆರೆ ಹಾಳಾಗಲಿ, ನಿಲ್ಲಿಸೇ!"

ಆಕೆ ಕನ್ನಡಿ ನೋಡಿದರು, ರಸ್ತೆ ನೋಡಿದರು, ಗಂಡನನ್ನು ಮಾತ್ರ ನೋಡಲಿಲ್ಲ. "ಮುಂದಿನದು ಪೆಟ್ರೋಲ್ ಬಂಕಿನಲ್ಲಿದೆ. ಅಲ್ಲಿ ಜಾಗ ಚೆನ್ನಾಗಿದೆ. ತಡ್ಕೊಳ್ಳಿ."

ಮೇಷ್ಟ್ರು ಅಭ್ಯಾಸಬಲದಿಂದ ಬಲಗಾಲನ್ನು ಜೋರಾಗಿ ಒತ್ತಿದರು. ಮನೆಯ ಕಾರಿನಲ್ಲಿ ಆ ಕಡೆ ಬ್ರೇಕು ಇರಲಿಲ್ಲ. ಶೌಚಾಲಯ ಕಿಟಕಿಯ ಪಕ್ಕದಲ್ಲೇ ಹಿಂದೆ ಸರಿಯಿತು. ಒಂದು ಸೈಕಲ್ಲು ಗಂಟೆ ಬಾರಿಸುತ್ತಾ ಅವರನ್ನು ದಾಟಿ ಹೋಯಿತು.

"ಸ್ವಲ್ಪ ಜೋರಾಗಿ ಆದ್ರೂ ಓಡಿಸು ಮಾರಾಯ್ತಿ!" ಎಂದು ಮೇಷ್ಟ್ರು ಕಿರುಚಿದರು.

ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಳ್ಳು ಇಪ್ಪತ್ತರ ಮೇಲೆ ಅಲ್ಲಾಡದೆ ನಿಂತಿತ್ತು. ಇಷ್ಟು ವರ್ಷದ ಮೇಷ್ಟ್ರಿಕೆಯಲ್ಲಿ, ಅವರು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಪಾಲಿಸಿದ ಶಿಷ್ಯೆ ಆಕೆಯೊಬ್ಬರೇ.