ಆಕ್ಸಲ್ ಸೀಲೂ ಯಜಮಾನರ ಹಟವೂ

ಹೆಂಡತಿ: ಮೂರನೇ ಸಲ ಬಿಚ್ತಾ ಇದೀರಿ ರೀ! ನಾಳೆ ಬೆಳಿಗ್ಗೆ ನಾನು ಶಾಲೇಲಿ ಕೆಲಸಕ್ಕೆ ಸೇರ್ಬೇಕು. ಆ ಶಾಲೆ ಕಡೆ ಬಸ್ಸೇ ಹೋಗಲ್ಲ.

ಗಂಡ: (ಕಾರಿನ ಕೆಳಗಿನಿಂದ) ಅವಸರದ ಕೆಲಸ ಅಲ್ಲ ಕಣೇ ಇದು. ಹಿಂದಿನ ಆಕ್ಸಲ್ ಸೀಲು! ಏನು ಅಂತ ಗೊತ್ತಾ ನಿಂಗೆ?

ಹೆಂಡತಿ: ಗೊತ್ತು. ಎಣ್ಣೆ ಒಳಗಿರೋ ಹಾಗೆ ತಡೀಬೇಕು. ತಡೀತಿಲ್ಲ. ಎಣ್ಣೆಯೆಲ್ಲ ಬ್ರೇಕಿಗೆ ಬೀಳ್ತಿದೆ. ಹೀಗೇ ಬಿಟ್ರೆ ಕಾರು ಹೊರಡುತ್ತೆ, ನಿಲ್ಲಲ್ಲ.

ಗಂಡ: ಅಷ್ಟು ಸಲೀಸಾಗಿ ಹೇಳ್ಬಿಟ್ರೆ ನನ್ನ ಮರ್ಯಾದೆ ಏನಾಗ್ಬೇಕು?

ಕಾರು ಇವರ ಮದುವೆಗಿಂತ ಹಳೆಯದು. ಆರೈಕೆಯೂ ಮದುವೆಗಿಂತ ಅದಕ್ಕೇ ಹೆಚ್ಚು ಸಿಕ್ಕಿದೆ. ಹಿಂದಿನ ಚಕ್ರವೊಂದು ಕಳಚಿ ಗೋಡೆಗೆ ಒರಗಿದೆ. ಬಾಗಿಲ ಬಳಿ ಗಂಡನ ತಾಯಿ ಬಟಾಣಿ ಬಿಡಿಸುತ್ತಾ ಕುಳಿತಿದ್ದಾರೆ.

ಹೆಂಡತಿ: ಮೆಕ್ಯಾನಿಕ್ಕನ್ನ ಕರೀರಿ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ಲ.

ಗಂಡ: ಅವನು ಬರ್ತಾನೆ, ಬಿಚ್ತಾನೆ, ಹಾಕ್ತಾನೆ, ಹೋಗ್ತಾನೆ. ಕಾರಿನ ಮನಸ್ಸು ಅರ್ಥ ಮಾಡ್ಕೊಳ್ತಾನಾ?

ಅತ್ತೆ: ನೀನು ಅರ್ಥ ಮಾಡ್ಕೊಂಡು ಮಾಡ್ಕೊಂಡೇ ಎರಡು ಸೀಲು ಹಾಳಾಯ್ತಲ್ಲೋ.

ಗಂಡ: ಅಮ್ಮಾ, ಈಗಿನ ಮಾಲೇ ಕಳಪೆ.

ಹೆಂಡತಿ: ಕೂರಿಸುವಾಗ ಸೊಟ್ಟ ಆಯ್ತೇನೋ.

ಗಂಡ: ಸೊಟ್ಟ? ನಾನು? ಸುತ್ತಲೂ ಒಂದೇ ಸಮ ತಟ್ಟಿ ಕೂರಿಸಿದೀನಿ. ಒಂದು ಕಣ ಧೂಳು ಹೋಗದ ಹಾಗೆ ನೋಡ್ಕೊಂಡಿದೀನಿ. ಆಕ್ಸಲ್ ಮೇಲೊಂದು ತೂತಿತ್ತು, ಅದಕ್ಕೂ ಅಂಟು ಮೆತ್ತಿ ಮುಚ್ಚಿದೀನಿ!

ಬಟಾಣಿ ಬಿಡಿಸುತ್ತಿದ್ದ ಕೈ ನಿಂತಿತು.

ಹೆಂಡತಿ: ಯಾವ ತೂತು?

ಗಂಡ: ಚಿಕ್ಕ ಟೋಪಿ ಹಾಕ್ಕೊಂಡು ಅಲ್ಲಾಡ್ತಾ ಇತ್ತು. ಬಿಗಿ ಮಾಡೋಕೆ ಕಂಪನಿಯವರು ಮರೆತಿರ್ಬೇಕು.

ಅತ್ತೆ: ಚಿಕ್ಕಂದಿನಿಂದ ಹೀಗೇ ಇವನು. ತೂತು ಕಂಡ್ರೆ ಕೈ ಸುಮ್ಮನಿರಲ್ಲ. ಬಚ್ಚಲ ತೂತಿಗೆ ಬಟ್ಟೆ ತುರುಕಿ ಮನೆಯೆಲ್ಲ ನೀರು ಮಾಡಿದ್ದ.

ಹೆಂಡತಿ: ಮುಚ್ಚಿದ್ದು ಯಾವಾಗ?

ಗಂಡ: ನೀನು ಲೈಸೆನ್ಸ್ ತಂದ ವಾರ. ಶಾಲೆ ರಸ್ತೇಲಿ ಧೂಳು ಜಾಸ್ತಿ ಅಂತ.

ಹೆಂಡತಿ: ಸೋರೋಕೆ ಶುರುವಾಗಿದ್ದು?

ಗಂಡ: ಅದರ ಮುಂದಿನ ವಾರ. ಕಾಕತಾಳೀಯ ಕಣೇ.

ಹೆಂಡತಿ: ಕಾರು ಓಡುವಾಗ ಆ ಎಣ್ಣೆ ಬಿಸಿಯಾಗುತ್ತಾ?

ಗಂಡ: ಆಗದೆ ಇರುತ್ತಾ? ಒಳಗಿನ ಗಾಳಿಯೂ ಉಬ್ಬುತ್ತೆ. ಅದು ವಿಜ್ಞಾನ.

ಹೆಂಡತಿ: ಉಬ್ಬಿದ ಗಾಳಿ ಎಲ್ಲಿಂದ ಹೊರಗೆ ಹೋಗುತ್ತೆ?

ಗಂಡ: ಎಲ್ಲಿಂದ ಅಂದ್ರೆ... ಸೀಲನ್ನ ತಳ್ಕೊಂಡು...

ಹೆಂಡತಿ: ಕುಕ್ಕರ್ ಮುಚ್ಚಳದ ತೂತಿಗೂ ಅಂಟು ಮೆತ್ತಿ ಒಲೆ ಮೇಲಿಡ್ತೀನಿ. ಪಕ್ಕದಲ್ಲೇ ನಿಂತು ವಿಜ್ಞಾನ ನೋಡ್ತೀರಾ?

ಕಾರಿನ ಕೆಳಗಿನಿಂದ ಅಂಟು ಕೆರೆಯುವ ಸದ್ದು ಬಂತು. ಯಜಮಾನರು ತೂತನ್ನು ತೆರೆದು, ಹೊಸ ಸೀಲು ಕೂರಿಸಿ, ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಬದಲಾಯಿಸಿ ಹೊರಬರುವಷ್ಟರಲ್ಲಿ ಸಂಜೆಯಾಗಿತ್ತು. ಹೆಂಡತಿ ಊರನ್ನೊಂದು ಸುತ್ತು ಹಾಕಿ ಬಂದಳು. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಒಂದು ಹನಿಯೂ ಇಲ್ಲ.

ಗಂಡ: ಕೀ ಕೊಡು. ಇನ್ನೊಂದು ವಾರ ನಾನೇ ಓಡಿಸಿ ನೋಡ್ತೀನಿ.

ಹೆಂಡತಿ: ಸೋರ್ತಿಲ್ವಲ್ಲ, ನೋಡೋದೇನು?

ಗಂಡ: ನಿಜ ಹೇಳ್ಲಾ? ಇದನ್ನ ಇನ್ನೊಬ್ರು ಓಡಿಸೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣೇ.

ಹೆಂಡತಿ: ನಾನು ಇನ್ನೊಬ್ಳಾ?

ಅತ್ತೆ: ಅವನಿಗೆ ಮನೆಯವರು ಅಂದ್ರೆ ಕಾರೊಂದೇ ಕಣಮ್ಮ. ನಾವಿಬ್ರೂ ಬಾಡಿಗೆಗಿದೀವಿ.

ಗಂಡ: ಹೋಗ್ಲಿ ಬಿಡು, ನಾಳೆ ನಾನೂ ಜೊತೇಲಿ ಬರ್ತೀನಿ. ದಾರೀಲಿ ಕೆಟ್ಟು ನಿಂತ್ರೆ ರಿಪೇರಿಗೆ ಯಾರಿರ್ತಾರೆ?

ಹೆಂಡತಿ ಕೀಲಿಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಹೆಂಡತಿ: ರಿಪೇರಿಗೆ ನೀವಿಲ್ಲ ಅಂತ ಗೊತ್ತಾದ್ರೆ ಅದು ಕೆಡೋದೇ ಇಲ್ಲ ರೀ.