ಗಿಡದವರಿಗೆ ಉಡುಗೊರೆ ಕೊಟ್ಟು ನೋಡಿ

ಗಿಡ ಬೆಳೆಸುವವರಿಗೆ ಉಡುಗೊರೆ ಕೊಟ್ಟು ಸುಮ್ಮನೆ ಮನೆಗೆ ಹೋದವರನ್ನು ನಾನಂತೂ ನೋಡಿಲ್ಲ. ಏನಾದರೊಂದು ಆಗಿಯೇ ಆಗುತ್ತೆ. ತೊಂಬತ್ತರ ದಶಕದಲ್ಲಿ ಕುಕ್ ಟೌನಿನ ರೈಲು ಹಳಿ ಹತ್ತಿರ ನಮ್ಮದೊಂದು ನರ್ಸರಿ ಇತ್ತು. ನಮ್ಮ ಮಾವ ಸೊಪ್ಪು ಬೆಳೀತಿದ್ದ ಜಾಗ. ಸುತ್ತ ಮನೆಗಳೆದ್ದ ಮೇಲೆ ಉಳಿದ ಅಂಗೈಯಗಲ ನೆಲದಲ್ಲಿ ನಾನು ಕುಂಡ ಜೋಡಿಸಿಕೊಂಡು ಕೂತೆ. ದೀಪಾವಳಿ, ಕ್ರಿಸ್‌ಮಸ್ ಬಂತೆಂದರೆ, "ನಮ್ಮವರಿಗೆ ಗಿಡ ಅಂದ್ರೆ ಪ್ರಾಣ, ಏನ್ ಕೊಡೋಣ?" ಅಂತ ಜನ ಬರೋರು. ಅವರನ್ನು ಸಂಭಾಳಿಸೋದು ಸುಲಭ. ಉಡುಗೊರೆ ತಗೊಂಡೋರು ಮಾರನೇ ದಿನ ಬರ್ತಿದ್ರಲ್ಲ, ಅದೇ ಕಷ್ಟ.

ಮುಳ್ಳು ಕಮ್ಮಿ ಗುಲಾಬಿ

ಒಂದು ದೀಪಾವಳಿಗೆ ಬೆನ್ಸನ್ ಟೌನಿನ ಹೆಣ್ಣುಮಗಳೊಬ್ಬಳು ಬಂದಳು. "ನಮ್ಮ ಮಾವನಿಗೆ ಗುಲಾಬಿ ಗಿಡ ಬೇಕು. ಮುಳ್ಳು ಕಮ್ಮಿ ಇರೋದು ಕೊಡಿ, ಪಾಪ, ಕೈ ಚುಚ್ಚಿಕೊಳ್ತಾರೆ." ಹುಡುಕಿ ಕೊಟ್ಟೆ.

ಮಾರನೇ ಬೆಳಿಗ್ಗೆ ಕುಂಡದ ಸಮೇತ ಮಾವನವರೇ ಹಾಜರು.

"ಇದು ನಿಮ್ಮಂಗಡೀದೇನಮ್ಮಾ?"

"ಹೌದು ಸಾರ್."

"ನಮ್ಮ ಸೊಸೆ ಏನಂತ ಕೇಳಿದ್ಲು? ನಿಜ ಹೇಳು."

ಇದ್ದದ್ದು ಇದ್ದಹಾಗೆ ಹೇಳಿದೆ. ಮುಖ ಅರಳುತ್ತೆ ಅಂದುಕೊಂಡಿದ್ದೆ. ಬಾಡಿಹೋಯಿತು! ಅಲ್ಲೇ ಇಟ್ಟಿಗೆ ಮೇಲೆ ಕೂತುಬಿಟ್ಟರು.

"ಅಷ್ಟೊಂದು ಕಾಳಜಿಯಾ? ಹಾಗಾದ್ರೆ ಅವಳಮ್ಮ ಈ ಸಲ ಬಂದ್ರೆ ಬೇಗ ಹೋಗೋ ಹಾಗೆ ಕಾಣಲ್ಲ."

ಹೊಳೆಯೋ ಕಾಗದ

ಧಾರವಾಡದ ಕಡೆಯ ಒಬ್ಬರು ಇಂದಿರಾನಗರದಲ್ಲಿ ಮನೆ ಮಾಡಿದ್ದರು. ಹೆಂಡತಿಗೆ ಹಬ್ಬಕ್ಕೆ ಏನು ಕೊಡಲಿ ಅಂತ ಕೇಳಿದರು. "ಹಳೇ ಕುರಿಗೊಬ್ಬರ ಕೊಡಿ ಸಾರ್, ಗಿಡದವರಿಗೆ ಅದೇ ಬಂಗಾರ" ಅಂದೆ. ಮನುಷ್ಯ ರಸಿಕ. ಮೂಟೆಗೆ ಹೊಳೆಯೋ ಕಾಗದ ಸುತ್ತಿಸಿ, ಕೆಂಪು ರಿಬ್ಬನ್ ಕಟ್ಟಿಸಿ ಆಟೋ ಹತ್ತಿದರು.

ಮುಂದಿನ ವಾರ ಬಂದರು. "ಮನ್ಯಾಕಿ ಭಾಳ ಖುಷಿ ಆದ್ಳ್ರೀ. ಆದ್ರ ಆ ಆಟೋದಾಂವ..."

ಹಲಸೂರು ಕೆರೆ ಹತ್ತಿರ ಡ್ರೈವರ್ ಮೂಗು ಎಳೆದುಕೊಂಡು, "ಏನ್ ಸಾರ್ ಅದು?" ಅಂದನಂತೆ.

"ಗೊಬ್ಬರಪ್ಪಾ. ಹೆಂಡ್ತಿಗೆ ಹಬ್ಬದ ಗಿಫ್ಟ್."

ಆಟೋ ಪಕ್ಕಕ್ಕೆ ನಿಂತಿತು. ಡ್ರೈವರ್ ಪೂರ್ತಿ ಹಿಂದಕ್ಕೆ ತಿರುಗಿದ. "ಸಾರ್, ಗಂಡ ಹೆಂಡ್ತಿ ಜಗಳ ಏನಿದ್ರೂ ಕೂತು ಮಾತಾಡ್ಕೊಳಿ. ಹಬ್ಬದ ದಿನ ಹೀಗೆಲ್ಲಾ ಮಾಡ್ಬೇಡಿ."

ಎರಡು ಬಿಗೋನಿಯಾ

ಕುಕ್ ಟೌನಿನಲ್ಲಿ ಎದುರುಬದುರು ಮನೆಯ ಇಬ್ಬರು ಆಂಟಿಯರು. ಒಬ್ಬರು ರಿಟೈರಾದ ಟೀಚರ್, ಇನ್ನೊಬ್ಬರು ರಿಟೈರಾದ ನರ್ಸ್. ಮದುವೆಯಾಗಿ ಬಂದಾಗಿನಿಂದ ಜೀವದ ಗೆಳತಿಯರು. ಒಂದು ವರ್ಷ ಹೂವಿನ ಪ್ರದರ್ಶನದಲ್ಲಿ ಟೀಚರ್ ಆಂಟಿಗೆ ಬಹುಮಾನ ಬಂತು. "ಜಡ್ಜ್ ಅವಳ ಹಳೇ ಸ್ಟೂಡೆಂಟ್ ಇರ್ಬೇಕು" ಅಂದುಬಿಟ್ಟರು ನರ್ಸ್ ಆಂಟಿ. ಅಲ್ಲಿಗೆ ಮಾತು ನಿಂತಿತು. ಇಬ್ಬರೂ ಬೇರೆಬೇರೆ ಹೊತ್ತಿಗೆ ನನ್ನ ಹತ್ತಿರ ಬಂದು, ಒಂದೇ ಥರ ನಿಟ್ಟುಸಿರು ಬಿಡುತ್ತಿದ್ದರು. ನೋಡೋಕೆ ಸಂಕಟವಾಗುತ್ತಿತ್ತು.

ಕ್ರಿಸ್‌ಮಸ್‌ಗೆ ಟೀಚರ್ ಆಂಟಿ ಗುಟ್ಟಾಗಿ ಬಂದು, "ಅವಳಿಗೊಂದು ಬಿಗೋನಿಯಾ ಕಳಿಸ್ತೀನಮ್ಮಾ, ರಾಜಿ ಆಗೋಣ" ಅಂದರು. ಅದೇ ಸಾಯಂಕಾಲ ನರ್ಸ್ ಆಂಟಿಯೂ ಬಂದು ಅದನ್ನೇ ಹೇಳಿ, ಅದೇ ಗಿಡ ಒಯ್ದರು. ನನಗೋ ಹಬ್ಬವೇ ಹಬ್ಬ.

ಹಬ್ಬ ಕಳೆದ ಮೇಲೆ ಟೀಚರ್ ಆಂಟಿ ಕುಂಡ ಅವುಚಿಕೊಂಡು ಬಂದರು.

"ಅವಳು ಕಳಿಸಿದ್ದು. ಹುಳ ಇದೆಯಾ ನೋಡು."

"ಇಲ್ಲ ಆಂಟಿ."

"ಎಲೆ ಕೆಳಗೆ ನೋಡು. ಸುಮ್ಮಸುಮ್ಮನೆ ಕಳಿಸೋಳಲ್ಲ ಅವಳು."

ಎಲೆ ಎತ್ತುತ್ತಿದ್ದಾಗಲೇ ಗೇಟು ಕಿರ್ ಅಂತು. ನರ್ಸ್ ಆಂಟಿ! ಒಂದು ಕೈಯಲ್ಲಿ ಕುಂಡ, ಇನ್ನೊಂದರಲ್ಲಿ ಟಾರ್ಚು.

ಇಬ್ಬರೂ ಕಲ್ಲಾಗಿ ನಿಂತರು.

"ನಾನು... ದೊಡ್ಡ ಕುಂಡಕ್ಕೆ ಹಾಕ್ಸೋಣ ಅಂತ ಬಂದೆ" ಅಂದರು ಟೀಚರ್ ಆಂಟಿ.

"ನಾನೂ ಅಷ್ಟೇ" ಅಂದರು ನರ್ಸ್ ಆಂಟಿ, ಟಾರ್ಚನ್ನು ಸೆರಗಿನೊಳಗೆ ತೂರಿಸುತ್ತಾ.

ಹೇಗೋ ಜಗಳ ತಪ್ಪಲಿ ಅಂತ ನಡುವೆ ಬಾಯಿ ಹಾಕಿದೆ. "ಎರಡೂ ನನ್ನಂಗಡಿ ಗಿಡಾನೇ ಆಂಟಿ. ಯಾವುದರಲ್ಲೂ ಏನೂ ಇಲ್ಲ."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಎರಡೂ ಇವಳದೇ ಅಂತೆ ಕಣೇ!" ಅಂದರು ಟೀಚರ್ ಆಂಟಿ.

"ಮತ್ತೆ ಇವಳು ಹುಳ ಇಲ್ಲ ಅನ್ನದೇ ಇನ್ನೇನಂತಾಳೆ? ನಡಿ, ಮನೇಲಿ ಕಾಫಿ ಕುಡಿಯೋಣ" ಅಂದರು ನರ್ಸ್ ಆಂಟಿ.

ಕೈ ಕೈ ಹಿಡಿದುಕೊಂಡು ಹೊರಟೇಬಿಟ್ಟರು. ಗೇಟಿನಾಚೆಯಿಂದ ಟೀಚರ್ ಆಂಟಿಯ ದನಿ ಸ್ಪಷ್ಟವಾಗಿ ಕೇಳಿಸಿತು:

"ನೋಡಿದ್ಯಾ? ನಮ್ಮಿಬ್ಬರ ಸ್ನೇಹಕ್ಕೇ ಹುಳ ಬಿಡೋಕೆ ನೋಡಿದ್ಲಲ್ಲೇ ಇವಳು!"