ಮಗು ಆರಾಮಾಗಿದೆ ಎಂದು ಕಂಡುಹಿಡಿದ ಅಧಿಕಾರಿಗಳಿಗೆ

ಮನೆಮನೆಗೂ ಹೋಗಿ ಮಕ್ಕಳ ಮನಸ್ಸಿಗೆ ನೆರವಾಗಬೇಕೆಂದೇ ಸ್ಥಾಪನೆಯಾಗಿ, ಸದ್ಯ ಮೇಲಿನ ಮಹಡಿಯಿಂದ ಇಳಿಯಲು ಪುರಸೊತ್ತಿಲ್ಲದಿರುವ ವಿಭಾಗದ ಮೇಲಧಿಕಾರಿಗಳಾದ ಮಾನ್ಯರೇ,

ತಾವು, ತಮ್ಮ ಕುರ್ಚಿ, ಕುರ್ಚಿಯ ಹಿಂದಿನ ಗೋಡೆಯಲ್ಲಿ ನಗುತ್ತಿರುವ ಮಕ್ಕಳ ದೊಡ್ಡ ಚಿತ್ರ, ಎಲ್ಲವೂ ಕ್ಷೇಮವೆಂದು ನಂಬಿ ಊರಿಗೆಲ್ಲ ಕಾಣುವಂತೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಹೊಲಿಗೆ ಕೆಲಸದವಳು. ತಾವು ಕಂಡುಹೋದ ಒಂಬತ್ತು ವರ್ಷದ ಚೂಟಿ ನನ್ನ ತಂಗಿಯ ಮಗಳು. ತಂಗಿ ಬೇಕರಿ ಕೆಲಸಕ್ಕೆ ಹೋದಾಗ ಇವಳು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಇರುತ್ತಿದ್ದಳು. ಪಕ್ಕದ ಮನೆಯವರು ಗೋಡೆಗೊಂದು ಮೊಳೆ ಹೊಡೆದರೂ ಸಾಕು, ಆ ಸದ್ದು ತಲೆಯೊಳಗೇ ಹೊಕ್ಕಂತಾಗಿ, ಕೈಗೆ ಸಿಕ್ಕಿದ್ದನ್ನು ಎಸೆದು, ಹಣೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾಳೆ.

ಇಂಥ ಮನೆಗೆ ತಮ್ಮ ವಿಭಾಗವೇ ಒಬ್ಬ ಸಹಾಯಕಿಯನ್ನು, ನಾವೆಲ್ಲ ಅಕ್ಕ ಎನ್ನುವವಳನ್ನು, ನೆರವಿಗೆ ಕಳಿಸಿತ್ತು. ಯಾರ ಕಣ್ತಪ್ಪಿನಿಂದ ಈ ಒಳ್ಳೆಯ ಕೆಲಸ ನಡೆದುಹೋಯಿತೋ ಕಾಣೆ. ಅಕ್ಕ ದೇವತೆಯೇನಲ್ಲ. ತಡವಾಗಿ ಬರುತ್ತಿದ್ದಳು, ಬಂದವಳೇ ಬಸ್ಸಿನ ಜಗಳವನ್ನೆಲ್ಲ ನನ್ನ ಕಿವಿಗೆ ತುಂಬುತ್ತಿದ್ದಳು, ನಾನು ಕೊಟ್ಟ ಚಹಾಕ್ಕೆ ಸಕ್ಕರೆ ಸಾಲದೆಂದು ಮುಖ ಸಿಂಡರಿಸುತ್ತಿದ್ದಳು. ಆದರೆ ಚೂಟಿ ಎಸೆದ ಡಬ್ಬಿ ಬಂದು ಬಡಿದರೂ ಬೆದರದೆ, ನೆಲದಲ್ಲಿ ಅವಳ ಪಕ್ಕ ಕೂತು, 'ಆಯ್ತು ಕಣೇ, ನಾನೆಲ್ಲೂ ಹೋಗಲ್ಲ' ಎಂದು ಅದೊಂದನ್ನೇ ಹೇಳುತ್ತಿದ್ದಳು. ಹೇಳಿ ಹೇಳಿ, ಕೊನೆಗೊಮ್ಮೆ ಚೂಟಿ ಎಸೆಯುವುದನ್ನು ಬಿಟ್ಟು ಬಂದು ಅವಳ ತೋಳು ಹಿಡಿದಳು. ಆಮೇಲೆ ಇಬ್ಬರೂ ಕೈಕೈ ಹಿಡಿದು ಮೂಲೆಯಂಗಡಿಯ ತನಕ ಹೋಗಿ ಬಂದಾಗ ತಂಗಿ ಬಾಗಿಲಲ್ಲಿ ನಿಂತು ಅತ್ತುಬಿಟ್ಟಳು. ಅಕ್ಕ ಹೊರಡುವ ಹೊತ್ತಿಗೆ ಮಾತ್ರ ರಗಳೆ: ಚೂಟಿ ಅವಳ ಒಂದು ಚಪ್ಪಲಿಯನ್ನು ಎಲ್ಲೋ ಬಚ್ಚಿಟ್ಟಿರುತ್ತಿದ್ದಳು, ಮನೆಮಂದಿಯೆಲ್ಲ ಹುಡುಕಬೇಕು.

ಅಷ್ಟರಲ್ಲಿ ತಮ್ಮ ಸವಾರಿ ಚಿತ್ತೈಸಿತು. ಅಕ್ಕನ ಪಕ್ಕದಲ್ಲಿ ಕೂತು ಅಂಗಿಯ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದ ಮಗುವನ್ನು ಹೊಸ್ತಿಲಾಚೆಯಿಂದಲೇ ಪರೀಕ್ಷಿಸಿ, 'ಮಗು ಆರಾಮಾಗಿದೆಯಲ್ರೀ, ಇನ್ಯಾಕೆ ಅಕ್ಕ?' ಎಂದಿರಿ. ಆಹಾ, ಏನು ಸೂಕ್ಷ್ಮದೃಷ್ಟಿ! ಚಾವಣಿ ಬಿದ್ದಿಲ್ಲವಲ್ಲ ಎಂದು ಕಂಬ ಕೀಳಿಸುವ ಈ ಜಾಣತನ ನಮ್ಮಂಥವರಿಗೆ ಏಳು ಜನ್ಮಕ್ಕೂ ಬಾರದು. ಅಕ್ಕನನ್ನು ತಮ್ಮ ಕಚೇರಿಯಲ್ಲಿ ಫೋನೆತ್ತಲು ಕೂರಿಸಿದಿರಿ. ಮನೆಗೆ ಬರಲು ಯಾರೂ ಇಲ್ಲವೆಂದು ಈಗ ಅವಳ ಬಾಯಿಂದಲೇ ಹೇಳಿಸುತ್ತೀರಿ. ಕೊನೆಯ ದಿನ ಚಪ್ಪಲಿ ಎಷ್ಟು ಹುಡುಕಿದರೂ ಸಿಗದೆ ಅವಳು ನನ್ನ ಹಳೆಯ ಜೋಡು ಮೆಟ್ಟಿಕೊಂಡು ಹೋದಳು.

ಚೂಟಿಯ ಹಣೆ ಮತ್ತೆ ಊದಿತು, ತಂಗಿ ಕೆಲಸ ಬಿಟ್ಟಳು. ಬೇಡಿಕೊಂಡಾಗ, ಅವಳು ತಲೆ ಬಡಿದುಕೊಳ್ಳುವುದನ್ನು ತಾವು ಕಣ್ಣಾರೆ ಕಂಡ ಹೊರತು ಅಕ್ಕನನ್ನು ಕಳಿಸಲಾಗದೆಂದು ಅಪ್ಪಣೆಯಾಗಿ, ಎರಡನೇ ಸಲ ದಯಮಾಡಿಸಿದಿರಿ. ಕರೆಗಂಟೆ ಕೇಳಿದ್ದೇ ತಡ, ಚೂಟಿ ಅದೆಲ್ಲಿಂದಲೋ ಆ ಚಪ್ಪಲಿ ತೆಗೆದುಕೊಂಡು ಓಡಿಬಂದಳು. ಬಾಗಿಲಲ್ಲಿ ತಮ್ಮನ್ನು ಕಂಡು, ಚಪ್ಪಲಿ ಅವುಚಿಕೊಂಡು ಯಂತ್ರದಡಿಗೆ ನುಸುಳಿ, ತುಟಿಪಿಟಿಕ್ಕೆನ್ನದೆ ಕೂತಳು. ತಾವು ಸಂತೋಷದಿಂದ, 'ನೋಡಿ, ಎಷ್ಟು ಶಾಂತ!' ಎಂದಿರಿ. ತಂಗಿ ಅವಳ ಹಣೆಯ ಗಾಯ ತೋರಿಸಿದಾಗ, ಅದೇ ಬಾಯಲ್ಲಿ, 'ಹಾಗಿದ್ರೆ ಮನೇಲಿಟ್ಕೊಳೋದು ಕಷ್ಟ, ಮುಂದಿನ ತಿಂಗಳು ದೂರದ ವಸತಿ ಕೇಂದ್ರಕ್ಕೆ ಕಳಿಸಿಬಿಡೋಣ' ಎಂದಿರಿ. ಅಕ್ಕ ಬೇಡವಾಗುವಷ್ಟು ಗುಣವಾದ, ಅಮ್ಮನ ಬಳಿಯೂ ಇರಲಾಗದಷ್ಟು ಕೆಟ್ಟ ಮಗು ಒಂದೇ ಮೈಯಲ್ಲಿರುವುದನ್ನು ಲೋಕದಲ್ಲಿ ಮೊದಲು ಕಂಡವರು ತಾವೇ ಇರಬೇಕು, ತಮಗೊಂದು ಸನ್ಮಾನ ಆಗಲೇಬೇಕು.

ಆದ್ದರಿಂದ ತಾವು ದಯಮಾಡಿ, ಇನ್ನು ಮುಂದೆ ಕಚೇರಿ ವೇಳೆಯಲ್ಲಿ, ಊಟದ ವಿರಾಮ ಬಿಟ್ಟು, ಅಧಿಕಾರಿಗಳ ಸಮಕ್ಷಮದಲ್ಲಿ ಮಾತ್ರ ತಲೆ ಬಡಿದುಕೊಳ್ಳತಕ್ಕದ್ದೆಂದು ಚೂಟಿಗೊಂದು ಆದೇಶವನ್ನೂ, ಅಲ್ಲಿಯವರೆಗೆ ಮೆತ್ತಗಿರತಕ್ಕದ್ದೆಂದು ನಮ್ಮ ಗೋಡೆಗೊಂದು ಸುತ್ತೋಲೆಯನ್ನೂ ಹೊರಡಿಸಬೇಕು. ಇದು ಕಷ್ಟವಾದರೆ ಅಕ್ಕನನ್ನು ವಾಪಸು ಕಳಿಸಿ. ಮಾನ್ಯರೇ, ನನಗೆ ಭಯವಾಗಿದೆ. ಆ ದೂರದ ಕೇಂದ್ರದಲ್ಲಿ ಅವಳು ಹಣೆ ಬಡಿದುಕೊಂಡರೆ ಪಕ್ಕದಲ್ಲಿ ಯಾರು ಕೂರುತ್ತಾರೆ? ನಾವು ಅವಳನ್ನು ಕಳಿಸುವುದಿಲ್ಲ.

ವಿಶ್ವಾಸವೆಂಬುದು ಇನ್ನೂ ಚೂರುಪಾರು ಉಳಿದಿರುವ ತನಕ
ತಮ್ಮ ವಿಶ್ವಾಸಿ,
ಚೂಟಿಯ ದೊಡ್ಡಮ್ಮ

ಮರೆತ ಮಾತು: ಎರಡನೇ ಸಲ ಬಂದ ದಿನ ನನ್ನಿಂದ ಅಕ್ಕನ ಚಪ್ಪಲಿಯ ಕಥೆ ಕೇಳಿದ್ದೇ ತಾವು ಮಾತು ಅರ್ಧಕ್ಕೇ ಬಿಟ್ಟು, ಹೊಸ ಬೂಟು ಮಾಯವಾಯಿತೆಂದು ಗಾಬರಿಯಿಂದ ಬಾಗಿಲಿಗೆ ಓಡಿದಿರಿ. ಅವು ಬಿಟ್ಟಲ್ಲೇ ಇದ್ದವು, ಚೂಟಿ ಮುಟ್ಟಿರಲೂ ಇಲ್ಲ. ಇನ್ನು ಮುಂದೆಯೂ ನಿಶ್ಚಿಂತೆಯಿಂದ ಬನ್ನಿ. ಯಾರು ಹೋಗಬಾರದು ಎನಿಸುತ್ತದೋ ಅವರ ಚಪ್ಪಲಿಯನ್ನಷ್ಟೇ ಅವಳು ಬಚ್ಚಿಡುವುದು.